ರಂಗೋಲಿ ಪುಡಿಯಲ್ಲಿ ಹಿಮಾಲಯವನ್ನು ಒಡೆಸಿ ನೋಡಿದ್ದು

ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ನಾನು ಭೂಫಲಕಗಳ (ಭೂಮಿಯ ಹೊರಚಿಪ್ಪಿನ ಬೃಹತ್ ತುಂಡುಗಳ) ಡಿಕ್ಕಿಯನ್ನು ಹಲವು ವರ್ಷ ಕಪ್ಪುಹಲಗೆಯ ಮೇಲೆ ಎರಡು ಬಾಣ ಬರೆದೇ ವಿವರಿಸುತ್ತಿದ್ದೆ. ಬಾಣಗಳಿಂದ ಪರ್ವತ ಏಳುವುದು ತಿಳಿಯುತ್ತದೆಯೇ ಹೊರತು, ನೆಲ ಎಲ್ಲಿ, ಯಾವ ಕ್ರಮದಲ್ಲಿ ಸೀಳುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಹಳೆಯ ಮೀನಿನ ತೊಟ್ಟಿಯೊಂದರ ತಳಕ್ಕೆ ರೆಗ್ಜಿನ್ ಹಾಸಿ, ಒಂದು ಬದಿಗೆ ಹಲಗೆಯನ್ನು ಅಲುಗದಂತೆ ನಿಲ್ಲಿಸಿ, ರೆಗ್ಜಿನ್ನಿನ ತುದಿಯನ್ನು ಹಲಗೆಯಡಿಯ ಸಂದಿನಿಂದ ಎಳೆಯುವಂತೆ ಮಾಡಿದೆ. ಹಲಗೆ ಟಿಬೆಟ್, ರೆಗ್ಜಿನ್ ಅದರಡಿ ಸರಿಯುವ ಭಾರತದ ಫಲಕ.

ರೆಗ್ಜಿನ್ ಮೇಲೆ ಹರಡಿದ ಮರಳು ಮೊದಲ ಸಲ ಹಸಿಯಾಗಿದ್ದುದರಿಂದ ಇಡೀ ರಾಶಿ ಒಂದೇ ಮುದ್ದೆಯಾಗಿ ಬಂದಿತು. ಎರಡನೆಯ ಸಲ ಮರಳನ್ನು ಬಿಸಿಲಿಗೆ ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಸೋಸಿ, ಪದರದ ನಡುವೆ ಕೆಂಪು ಮತ್ತು ನೀಲಿ ರಂಗೋಲಿ ಪುಡಿ ಉದುರಿಸಿದೆ. ಮರಳು ಅಂಟದಿರಲೆಂದು ಗಾಜಿಗೆ ಒಳಗಿನಿಂದ ಪೌಡರ್ ಸವರಿದೆ. ನಿಧಾನವಾಗಿ ಎಳೆದಂತೆ ಹಲಗೆಯ ಬುಡದಿಂದ ಸುಮಾರು 30 ಡಿಗ್ರಿ ಓರೆಯ ಸೀಳೊಂದು ಮೂಡಿ, ನೀಲಿ ಗೆರೆ ತುಂಡಾಗಿ, ಅದರ ಮೇಲಿನ ತುಂಡು ಕೆಳಗಿನದರ ಮೇಲೆ ಹತ್ತಿ ಕುಳಿತಿತು. ಇನ್ನಷ್ಟು ಎಳೆದಾಗ ಆ ಸೀಳು ಸುಮ್ಮನಾಯಿತು.

“ಸರ, ಹೊಸಾದು ಮುಂದ ಬಂತರೀ!” ಎಂದು ಗಾಜಿಗೆ ಮೂಗು ಹಚ್ಚಿ ನಿಂತಿದ್ದ ಹುಡುಗಿ ಕೂಗಿದಳು.

ದಪ್ಪವಾದ ರಾಶಿಯನ್ನು ಮತ್ತೆ ಮೇಲೆತ್ತುವುದಕ್ಕಿಂತ ಮುಂದಿನ ಸಮನೆಲವನ್ನು ಸೀಳುವುದೇ ಹಗುರ. ಹಿಮಾಲಯದಲ್ಲೂ ಮುಖ್ಯ ಸ್ತರಭಂಗಗಳು, ಅಂದರೆ ಒಂದು ಬದಿಯ ಬಂಡೆ ಇನ್ನೊಂದರ ಮೇಲೆ ಹತ್ತುವ ‘ಥ್ರಸ್ಟ್’ ಎಂಬ ಸೀಳುಗಳು, ಇದೇ ಕ್ರಮದಲ್ಲಿ ಹುಟ್ಟಿವೆ: ಉತ್ತರದ ಮೇನ್ ಸೆಂಟ್ರಲ್ ಥ್ರಸ್ಟ್ ಹಳೆಯದು, ಅದರ ದಕ್ಷಿಣಕ್ಕೆ ಮೇನ್ ಬೌಂಡರಿ ಥ್ರಸ್ಟ್, ತಪ್ಪಲಿನಂಚಿನ ಫ್ರಂಟಲ್ ಥ್ರಸ್ಟ್ ಎಲ್ಲಕ್ಕಿಂತ ಹೊಸದು.

ಆದರೆ ಒಣಮರಳು ನಡುಗುವುದಿಲ್ಲ, ಸದ್ದಿಲ್ಲದೆ ಜಾರುತ್ತದೆ. ಕಂಪನ ತೋರಿಸಲು ಒಂದು ಇಟ್ಟಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಉಪ್ಪುಕಾಗದದ ಮೇಲೆ ಒಂದೇ ವೇಗದಲ್ಲಿ ಎಳೆದೆ. ಪಟ್ಟಿ ಹಿಗ್ಗುತ್ತದೆ, ಇಟ್ಟಿಗೆ ಮಿಸುಕುವುದಿಲ್ಲ. ಘರ್ಷಣೆ ಸೋತ ಕ್ಷಣ ಒಮ್ಮೆಲೇ ಜಿಗಿಯುತ್ತದೆ. ಭಾರತ ಟಿಬೆಟ್ಟಿನತ್ತ ಸರಿಯುವುದರಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಹಿಮಾಲಯದಲ್ಲೇ ಅಡಗುವುದರಿಂದ, ಸ್ತರಭಂಗ 200 ವರ್ಷ ಕಚ್ಚಿಕೊಂಡಿದ್ದರೆ 4 ಮೀಟರ್ ಜಾರಿಕೆ ಬಾಕಿ ಉಳಿಯುತ್ತದೆ. 2015ರಲ್ಲಿ ನೇಪಾಳದಲ್ಲಿ ಸಂಭವಿಸಿದ 7.8 ಪ್ರಮಾಣದ ಭೂಕಂಪ ಇಂಥ ಬಾಕಿಯ ಒಂದು ಭಾಗವನ್ನಷ್ಟೇ ತೀರಿಸಿತು.

1993ರಲ್ಲಿ ಹಿಮಾಲಯದಿಂದ ದೂರದ ಮಹಾರಾಷ್ಟ್ರದ ಕಿಲ್ಲಾರಿ ಏಕೆ ನಡುಗಿತೆಂಬ ಪ್ರಶ್ನೆ ನಮ್ಮ ಭಾಗದಲ್ಲಿ ತಪ್ಪದೆ ಬರುತ್ತದೆ. ಡಿಕ್ಕಿಯ ಒತ್ತಡ ಫಲಕದೊಳಗೂ ಹರಡಿ ಹಳೆಯ ದುರ್ಬಲ ಸೀಳುಗಳನ್ನು ಕೆದಕಬಲ್ಲದೆಂದು ಹೇಳಿ, ಇಟ್ಟಿಗೆಯ ಮುಂದಿನ ಜಿಗಿತ ಯಾವಾಗ ಎಂದು ಊಹಿಸಲು ಬಿಟ್ಟೆ. ಹತ್ತು ಸಲ ಎಳೆದರೂ ಯಾರ ಎಣಿಕೆಯೂ ಎರಡು ಸಲ ಸರಿಹೋಗಲಿಲ್ಲ, ನನ್ನದೂ ಸೇರಿ.