ಅಲೆ ಏರುವ ಮೊದಲು ಜಮಖಾನ ಹಾಸಿ

ಶ್ರೀಲಂಕಾಕ್ಕೆ ಹೋಗಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಕಡಲಿನ ಅಲೆ ಏರುವುದನ್ನು, ಕಲಿಯುತ್ತೇವೆ ಅಂದಾಗ ನಮ್ಮ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: ‘ರೊಕ್ಕಾ ಕೊಟ್ಟು ಬೀಳಾಕ ಅಷ್ಟು ದೂರ ಯಾಕ ಹೋಗಬೇಕವಾ? ಮಳಿಗಾಲದಾಗ ನಮ್ಮ ಹಿತ್ತಲದಾಗ ಕಾಲಿಟ್ರ ಸಾಕಲ್ಲ.’ ಧಾರವಾಡದ ಮನೆಯಲ್ಲಿ ಎಲ್ಲರೂ ನಕ್ಕರು. ಲಂಕೆಯ ದಕ್ಷಿಣ ತೀರದ ವೆಲಿಗಮದ ಕಡಲಲ್ಲಿ ಮೊದಲ ದಿನ ಲೆಕ್ಕ ತಪ್ಪುವಷ್ಟು ಸಲ ಬಿದ್ದೆದ್ದ ಮೇಲೆ ಆ ಮಾತು ನೆನಪಾಯಿತು. ಸರ್ಫಿಂಗ್‌ನ ಮೊದಲ ಪಾಠ ಬಹುಪಾಲು ಬೀಳುವ ಪಾಠವೇ. ಅದರಲ್ಲಿ ಅರ್ಧವನ್ನು ಮನೆಯಲ್ಲೇ ಕಲಿತು ಹೋಗಬಹುದು ಎನ್ನುವುದು ನನಗೆ ತಡವಾಗಿ ತಿಳಿಯಿತು. ನಿಮಗೆ ತಡವಾಗದಿರಲಿ ಎಂದು ಈ ಬರಹ.

ನನಗೆ ನಲವತ್ತೊಂದು ವರ್ಷ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಾದಿನಿ ‘ವೈನಿ, ನೀವೂ ಬರ್ರಿ, ಒಬ್ಬಾಕಿಗೆ ಬ್ಯಾಸರಾಗ್ತದ’ ಎಂದು ಎಳೆದುಕೊಂಡು ಹೋದಳು. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ಊರಿನವಳು ನಾನು. ನಮ್ಮ ಕಡೆ ‘ಹಲಗಿ’ ಅಂದರೆ ಹೋಳಿಯಲ್ಲಿ ಬಾರಿಸುವ ಹಲಗಿ, ಅದರ ಮೇಲೆ ನಿಲ್ಲುವ ಮಾತೇ ಇಲ್ಲ.

ಮೊದಲು ಈಜು

ಪಾಠ ಸೊಂಟಮಟ್ಟದ ನೀರಿನಲ್ಲೇ ನಡೆಯುವುದರಿಂದ ಈಜು ಬರದಿದ್ದರೂ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೊಂಟಮಟ್ಟದ ನೀರಿನಲ್ಲೂ ಅಲೆ ಕೆಡವಿದಾಗ ಎರಡು ಮೂರು ಸೆಕೆಂಡು ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಆಗ ಬೇಕಾಗುವುದು ಗಾಬರಿಯಾಗದ ಎದೆ. ನಿಲ್ಲದೆ ಐವತ್ತು ಮೀಟರ್ ಈಜುವುದು, ಬೆನ್ನ ಮೇಲೆ ಸುಮ್ಮನೆ ತೇಲುವುದು, ಉಸಿರು ಬಿಗಿಹಿಡಿದು ಹತ್ತು ಎಣಿಸುವುದು, ಇಷ್ಟು ಬಂದರೆ ಸಾಕು. ಈಜುಕೊಳದಲ್ಲಿ ಒಂದು ತಿಂಗಳು ನಿಯಮಿತವಾಗಿ ಹೋದರೆ ಬರುವಂಥದ್ದೇ.

ನಾನು ಹಾನಗಲ್ ಸೀಮೆಯ ಕೆರೆಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಕೆರೆ ಈಜಿನವರಿಗೆ ಒಂದು ಎಚ್ಚರಿಕೆ: ಉಪ್ಪುನೀರು ದೇಹವನ್ನು ಹೆಚ್ಚು ತೇಲಿಸುತ್ತದೆ, ಅದು ನಮಗೆ ಲಾಭ. ಆದರೆ ಕೆರೆಯ ನೀರು ನಿಂತಲ್ಲೇ ನಿಲ್ಲುತ್ತದೆ. ಕಡಲು ಹಾಗಲ್ಲ, ಹತ್ತು ನಿಮಿಷ ಬಿಟ್ಟು ತಲೆಯೆತ್ತಿ ನೋಡಿದರೆ ನಿಮ್ಮ ಚಪ್ಪಲಿ ಬಿಟ್ಟ ಜಾಗ ಎಲ್ಲೋ ಪಕ್ಕಕ್ಕೆ ಹೋಗಿರುತ್ತದೆ. ಹೋದದ್ದು ಚಪ್ಪಲಿಯಲ್ಲ, ನೀವು.

ಮಾಳಿಗೆಯ ಮೇಲೆ ಎರಡು ವಾರ

ಹಲಗೆಯ ಮೇಲೆ ಬೋರಲು ಮಲಗಿದವರು ಒಂದೇ ಉಸಿರಿನಲ್ಲಿ ಎದ್ದು ನಿಲ್ಲುವುದಕ್ಕೆ ‘ಪಾಪ್ ಅಪ್’ ಎನ್ನುತ್ತಾರೆ. ಇಡೀ ವಿದ್ಯೆಯ ಗಂಟು ಇಲ್ಲಿದೆ. ನೀರಿನಲ್ಲಿ ಇದನ್ನು ಮಾಡಲು ಸಿಗುವ ಸಮಯ ಒಂದೆರಡು ಸೆಕೆಂಡು. ಅಷ್ಟರಲ್ಲಿ ಯೋಚಿಸಲು ಆಗುವುದಿಲ್ಲ, ಮೈಗೇ ಗೊತ್ತಿರಬೇಕು.

ಮನೆಯಲ್ಲಿ ನವಲಗುಂದ ಜಮಖಾನ ಇದ್ದರೆ ಹಾಸಿ. ಇಲ್ಲದಿದ್ದರೆ ಯೋಗದ ಚಾಪೆ ನಡೆದೀತು. ಟೈಲ್ಸ್ ನೆಲ ಬೇಡ, ಜಮಖಾನ ಜಾರಿ ಗದ್ದ ಒಡೆದುಕೊಂಡೀರಿ. ಗಚ್ಚಿನ ಮಾಳಿಗೆಯೇ ಒಳ್ಳೆಯದು. ಸೀಮೆಸುಣ್ಣದಿಂದ ಒಂಬತ್ತು ಅಡಿ ಉದ್ದ, ಎರಡಡಿ ಅಗಲದ ಗೆರೆ ಎಳೆಯಿರಿ. ಕಲಿಯುವವರಿಗೆ ಕೊಡುವ ಹಲಗೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನಟ್ಟನಡುವಿಗೂ ಒಂದು ಗೆರೆ ಇರಲಿ. ಎದ್ದಾಗ ಎರಡೂ ಪಾದಗಳು ಆ ಗೆರೆಯ ಮೇಲೆ ಅಡ್ಡಲಾಗಿ ಬೀಳಬೇಕು.

ಸೂರ್ಯನಮಸ್ಕಾರ ಮಾಡುವವರಿಗೆ ಇದು ಅರ್ಧ ಗೊತ್ತಿರುವ ಸಂಗತಿ. ಅಂಗೈಗಳನ್ನು ಕೆಳಪಕ್ಕೆಲುಬಿನ ಪಕ್ಕದಲ್ಲಿ ಊರಿ, ಎದೆಯೆತ್ತಿ ಭುಜಂಗಾಸನಕ್ಕೆ ಬನ್ನಿ. ಅಲ್ಲಿಂದ ನಡುವಿನ ಪರ್ವತಾಸನವನ್ನು ಬಿಟ್ಟು, ಒಮ್ಮೆಲೇ ಒಂದು ಕಾಲನ್ನು ಎರಡೂ ಕೈಗಳ ನಡುವೆ ತನ್ನಿ. ಹಿಂದಿನ ಪಾದ ಅಡ್ಡವಾಗಲಿ. ಮಂಡಿ ಮಡಚಿಯೇ ಇರಲಿ, ಕೈ ಬಿಡಿ, ಮುಂದೆ ನೋಡಿ. ಗರಡಿಯಲ್ಲಿ ಪೈಲ್ವಾನರು ಪಟ್ಟು ಹಾಕುವ ಮುನ್ನ ನಿಲ್ಲುವ ಭಂಗಿಯನ್ನು ನೆನೆಯಿರಿ, ಸೊಂಟ ಕೆಳಗೆ, ಭಾರ ಎರಡೂ ಕಾಲಿನ ಮೇಲೆ.

ದಿನಕ್ಕೆ ಇಪ್ಪತ್ತು ಸಲ, ಎರಡು ವಾರ. ಹಿಂದಿನ ಮಂಡಿಯನ್ನು ನೆಲಕ್ಕೂರಿ ಏಳುವ ಚಟ ಮಾಡಿಕೊಳ್ಳಬೇಡಿ. ನಾನು ಈ ಯಾವುದನ್ನೂ ಮಾಡದೆ ಹೋಗಿ, ಅಲ್ಲಿ ಮಂಡಿಯೂರಿಯೇ ಏಳುತ್ತಿದ್ದೆ. ಆ ಚಟ ಬಿಡಿಸಲು ತರಬೇತುದಾರನಿಗೆ ಎರಡು ಪಾಠ ಹಿಡಿಯಿತು.

ಯಾವ ಕಾಲು ಮುಂದೆ? ಎಡಗಾಲು ಮುಂದಿದ್ದರೆ ‘ರೆಗ್ಯುಲರ್’, ಬಲಗಾಲು ಮುಂದಿದ್ದರೆ ‘ಗೂಫಿ’. ಎರಡೂ ಸರಿಯೇ. ತಿಳಿಯಲು ಸುಲಭ ದಾರಿ: ಹೇಳದೆ ಕೇಳದೆ ಯಾರಾದರೂ ಹಿಂದಿನಿಂದ ಮೆಲ್ಲಗೆ ತಳ್ಳಲಿ, ತಟ್ಟನೆ ಮುಂದೆ ಹೋಗುವ ಕಾಲೇ ನಿಮ್ಮ ಮುಂಗಾಲು. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ನಿಂತು ಓಡಾಡುವವರಿಗೆ ಇದು ಮೊದಲೇ ಗೊತ್ತಿರುತ್ತದೆ, ಗಮನಿಸಿರುವುದಿಲ್ಲ ಅಷ್ಟೇ.

ಎಲ್ಲಿಗೆ, ಯಾವಾಗ

ದ್ವೀಪವೇ ಬೇಕೆಂದರೆ ನಮಗೆ ಹತ್ತಿರದ್ದು ಶ್ರೀಲಂಕಾ. ಮಧ್ಯಾಹ್ನ ಧಾರವಾಡದಲ್ಲಿ ವಂದೇ ಭಾರತ್ ಹತ್ತಿದರೆ ರಾತ್ರಿ ಬೆಂಗಳೂರು. ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸುವ ಕೆಲಸವಿಲ್ಲ, ಅವರ ಸಮಯವೂ ನಮ್ಮದೇ. ಕೊಲಂಬೊದಿಂದ ದಕ್ಷಿಣಕ್ಕೆ ಕಡಲಗುಂಟ ಹೋಗುವ ರೈಲು ಗಾಲೆ ದಾಟಿ ವೆಲಿಗಮಕ್ಕೆ ಬರುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಾರು ಮರೆತುಬಿಡಿ. ಪ್ರವೇಶದ ಅನುಮತಿ ಪತ್ರದ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಸಿಂಹಳದಲ್ಲಿ ‘ವೆಲಿ’ ಅಂದರೆ ಮರಳು, ‘ಗಮ’ ಅಂದರೆ ಊರು. ಹೆಸರಿನಲ್ಲೇ ಕಾರಣವಿದೆ. ಕೊಲ್ಲಿಯ ತಳದಲ್ಲಿ ಮರಳಿದೆ, ಬಿದ್ದರೆ ಹವಳದ ಬಂಡೆ ತರಚುವ ಭಯ ಕಡಿಮೆ. ಕಲಿಯುವವರು ನೋಡಬೇಕಾದ್ದು ಇದನ್ನೇ. ಸುತ್ತಲಿನ ಹೆಸರುವಾಸಿ ಜಾಗಗಳು ಹಲವು ಬಂಡೆಯ ಮೇಲಿನ ಅಲೆಗಳು, ಅಲ್ಲಿಗೆ ಈಗಲೇ ಬೇಡ. ದಕ್ಷಿಣ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ತಿಂಗಳಿಂದ ನೈಋತ್ಯ ಮುಂಗಾರು ಈ ತೀರವನ್ನು ಕಲಕುತ್ತದೆ, ಆಗ ಸರ್ಫ್ ಮಾಡುವವರು ಪೂರ್ವ ತೀರದ ಅರುಗಮ್ ಬೇ ಕಡೆ ಹೋಗುತ್ತಾರೆ. ಪಾಸ್‌ಪೋರ್ಟ್ ತಾಪತ್ರಯ ಬೇಡವೆಂದರೆ ನಮ್ಮ ಮೂಲ್ಕಿ, ಸಸಿಹಿತ್ಲು ಇವೆ. ಅಲ್ಲೂ ಕಲಿಸುತ್ತಾರೆ, ಅಲ್ಲೂ ಮಳೆಗಾಲ ಹೊಸಬರಿಗಲ್ಲ.

ಶಾಲೆ ಆರಿಸುವಾಗ ದರಕ್ಕಿಂತ ಮೊದಲು ಕೇಳಬೇಕಾದ್ದು: ಒಬ್ಬ ತರಬೇತುದಾರನಿಗೆ ಎಷ್ಟು ಜನ? ನಾವು ಮೊದಲು ದುಡ್ಡು ಕಟ್ಟಿದಲ್ಲಿ ಒಂಬತ್ತು ಜನಕ್ಕೆ ಒಬ್ಬ ಹುಡುಗ. ಎರಡು ಗಂಟೆಯಲ್ಲಿ ನನ್ನ ಹಲಗೆಯನ್ನು ಆತ ತಳ್ಳಿದ್ದು ನಾಲ್ಕು ಸಲ. ಮರುದಿನ ಜಾಗ ಬದಲಿಸಿದೆವು. ಮೂರು, ಹೆಚ್ಚೆಂದರೆ ನಾಲ್ಕು ಜನರಿರಲಿ. ತರಬೇತುದಾರನಿಗೆ ಪ್ರಥಮ ಚಿಕಿತ್ಸೆ, ಜೀವರಕ್ಷಣೆಯ ತರಬೇತಿ ಆಗಿದೆಯೇ ಕೇಳಿ. ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್‌ನ ಪ್ರಮಾಣಪತ್ರ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ, ‘ಮೊದಲ ದಿನವೇ ನಿಲ್ಲಿಸಿಬಿಡ್ತೀವಿ’ ಅಂದವರಿಂದ ಸ್ವಲ್ಪ ದೂರ ಇರಿ.

ಮೈಮೇಲೆ ಏನಿರಬೇಕು, ಏನಿರಬಾರದು

ಮೈಗಂಟುವ ತುಂಬುತೋಳಿನ ಈಜಿನ ಅಂಗಿ, ಕಾಲುತುಂಬ ಲೆಗಿಂಗ್ಸ್. ಇದರಲ್ಲಿ ಸಂಕೋಚದ ಮಾತೇ ಬರುವುದಿಲ್ಲ, ಬಿಸಿಲಿಗೂ ಇದೇ ಸರಿ. ನಾನು ಮೊದಲ ದಿನ ಹತ್ತಿಯ ಟೀ ಶರ್ಟ್ ತೊಟ್ಟಿದ್ದೆ. ಒದ್ದೆಯಾದ ಹತ್ತಿ ಹಲಗೆಗೆ ಉಜ್ಜಿ ಉಜ್ಜಿ ಹೊಟ್ಟೆಯ ಮೇಲೆ ಕೆಂಪು ಪಟ್ಟೆ ಎದ್ದಿತು, ರಾತ್ರಿ ಬೋರಲು ಮಲಗುವಂತಿರಲಿಲ್ಲ. ಲಂಕೆಯ ನೀರು ಬೆಚ್ಚಗಿರುವುದರಿಂದ ದಪ್ಪ ರಬ್ಬರ್ ಉಡುಪು ಬೇಡ.

ಬಳೆ, ಉಂಗುರ, ಕಾಲುಂಗುರ, ತಾಳಿ ಎಲ್ಲ ಕೋಣೆಯಲ್ಲೇ ಇರಲಿ. ಸರ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ, ಉಂಗುರ ಸಿಕ್ಕಿಕೊಂಡರೆ ಬೆರಳಿಗೆ. ಅತ್ತೆಯವರು ಏನೆನ್ನುತ್ತಾರೋ ಎಂದು ಫೋನಿನಲ್ಲಿ ಅಳುಕುತ್ತಲೇ ಹೇಳಿದೆ. ‘ತಗದಿಟ್ಟು ಹೋಗವಾ, ಬಂಗಾರದ ರೇಟು ಎಷ್ಟಾಗೇತಿ ಗೊತ್ತೈತಿಲ್ಲೋ’ ಅಂದರು.

ಸನ್‌ಸ್ಕ್ರೀನನ್ನು ನೀರಿಗಿಳಿಯುವ ಅರ್ಧ ಗಂಟೆ ಮೊದಲೇ ಹಚ್ಚಿ. ಮೂಗು, ಕಿವಿಯ ಮೇಲ್ಭಾಗ, ಕತ್ತಿನ ಹಿಂಭಾಗ ಮರೆಯಬೇಡಿ. ಹೊಟ್ಟೆ ತುಂಬ ತಿಂದು ಹೋಗಬೇಡಿ. ನಾವು ಊರಿಂದ ಒಯ್ದಿದ್ದ ಹಚ್ಚಿದ ಅವಲಕ್ಕಿ ಒಂದು ಮುಷ್ಟಿ, ಒಂದು ಬಾಳೆಹಣ್ಣು, ಅಷ್ಟಕ್ಕೇ ಎರಡು ಗಂಟೆ ನಡೆಯಿತು.

ಮರಳಿನ ಮೇಲೆ

ಪಾಠ ಶುರುವಾಗುವುದು ದಡದಲ್ಲಿ. ಕಲಿಯುವವರ ಹಲಗೆಯ ಮೇಲ್ಮೈ ಮೆತ್ತನೆಯ ಫೋಮ್. ಮುಂತುದಿ ‘ನೋಸ್’, ಹಿಂತುದಿ ‘ಟೇಲ್’, ಅಡಿಯಲ್ಲಿ ಮೀನಿನ ರೆಕ್ಕೆಯಂಥ ‘ಫಿನ್’. ಹಿಂಗಾಲಿನ ಹರಡಿಗೆ ಕಟ್ಟುವ ಹಗ್ಗ ‘ಲೀಶ್’. ಇದು ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮುಂಚೆ ಬಿದ್ದವರು ಹಲಗೆಯ ಹಿಂದೆ ದಡದವರೆಗೂ ಈಜಬೇಕಿತ್ತು. ಸರ್ಫಿಂಗನ್ನು ಹವಾಯಿಯಿಂದ ಆಚೆ ಜನಪ್ರಿಯಗೊಳಿಸಿದ ಡ್ಯೂಕ್ ಕಹನಮೊಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿಗೆ ಚಿನ್ನ ಗೆದ್ದವರು. ಆ ಕಾಲದ ಸರ್ಫರ್‌ಗಳಿಗೆ ಈಜು ಬರದೆ ವಿಧಿಯೇ ಇರಲಿಲ್ಲ.

ಮಲಗುವ ಜಾಗದ ಲೆಕ್ಕ ಇಲ್ಲೇ ತಿಳಿದುಕೊಳ್ಳಿ. ತೀರಾ ಮುಂದೆ ಮಲಗಿದರೆ ಹಲಗೆಯ ಮೂಗು ನೀರಿಗೆ ಚುಚ್ಚಿ ನೀವು ಲಾಗ ಹೊಡೆಯುತ್ತೀರಿ. ತೀರಾ ಹಿಂದಾದರೆ ಮೂಗು ಆಕಾಶ ನೋಡುತ್ತದೆ, ಅಲೆ ನಿಮ್ಮನ್ನು ಬಿಟ್ಟು ಹೋಗುತ್ತದೆ. ನೀರಿನಲ್ಲಿ ಮಲಗಿದಾಗ ಮೂಗು ನಾಲ್ಕು ಬೆರಳಿನಷ್ಟು ಮೇಲಿರಬೇಕು. ಸರಿಹೋದ ಕೂಡಲೇ ನಿಮ್ಮ ಗದ್ದ ಹಲಗೆಯ ಯಾವ ಗುರುತಿನ ಮೇಲಿದೆ ನೋಡಿಟ್ಟುಕೊಳ್ಳಿ, ಪ್ರತಿ ಸಲ ಅಲ್ಲೇ ಗದ್ದ ಬರಲಿ. ನನ್ನ ಹಲಗೆಯಲ್ಲಿ ಅಲ್ಲೊಂದು ಅಳಿಸಿಹೋದ ಆಮೆಯ ಚಿತ್ರವಿತ್ತು. ಎರಡು ಗಂಟೆ ಆ ಆಮೆಯ ಬಾಲವನ್ನೇ ಹುಡುಕುತ್ತಿದ್ದೆ.

ನೀರಿಗಿಳಿದ ಮೇಲೆ

ಹಲಗೆಯನ್ನು ಯಾವತ್ತೂ ನಿಮ್ಮ ಮತ್ತು ಅಲೆಯ ನಡುವೆ ಇಟ್ಟುಕೊಳ್ಳಬೇಡಿ. ಪಕ್ಕಕ್ಕೆ ಹಿಡಿದು, ಮೂಗನ್ನು ನೇರ ಅಲೆಗೆ ತಿರುಗಿಸಿ ನಡೆಯಿರಿ. ಅಡ್ಡ ಹಿಡಿದ ಹಲಗೆ ಅಲೆ ಹೊಡೆದಾಗ ಮುಖಕ್ಕೇ ಬರುತ್ತದೆ.

ಮೊದಲ ದಿನ ನೀವು ಏರುವುದು ಆಗಲೇ ಒಡೆದು ನೊರೆಯಾಗಿ ಬರುವ ಅಲೆ. ಅಲೆ ಯಾಕೆ ಒಡೆಯುತ್ತದೆ? ದಡ ಹತ್ತಿರವಾದಂತೆ ಅದರ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಅದೇ ವೇಗದಲ್ಲಿ ಮುಂದೋಡುತ್ತದೆ. ಚೆನ್ನಮ್ಮ ಸರ್ಕಲ್‌ನಲ್ಲಿ ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತವರಿಗೆ ಆಗುವುದೂ ಅದೇ. ಈ ಅಲೆಗಳು ಹುಟ್ಟುವುದು ದೂರದ ದಕ್ಷಿಣ ಸಾಗರದ ಬಿರುಗಾಳಿಗಳಲ್ಲಿ. ಲಂಕೆಯ ದಕ್ಷಿಣ ತುದಿಯಿಂದ ಅಂಟಾರ್ಕ್ಟಿಕಾವರೆಗೆ ನಡುವೆ ನೆಲವೇ ಇಲ್ಲ. ಮುನ್ಸೂಚನೆ ನೋಡುವಾಗ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಎರಡಡಿ ಅಲೆಯೇ ಆದರೂ ಹದಿನಾಲ್ಕು ಸೆಕೆಂಡಿಗೊಮ್ಮೆ ಬರುವುದಕ್ಕೆ ಏಳು ಸೆಕೆಂಡಿಗೊಮ್ಮೆ ಬರುವುದಕ್ಕಿಂತ ಹೆಚ್ಚು ಬಲ.

ತರಬೇತುದಾರ ಹಲಗೆಯನ್ನು ದಡದತ್ತ ತಿರುಗಿಸಿ ಹಿಡಿಯುತ್ತಾನೆ. ‘ಪ್ಯಾಡಲ್’ ಅಂದಾಗ ಕೈಗಳನ್ನು ಒಂದಾದ ಮೇಲೊಂದು ಆಳಕ್ಕೆ ಹಾಕಿ ನೀರೆಳೆಯಿರಿ, ಸರಸರ ಬಡಿಯಬೇಡಿ. ಹಿಂದಿನಿಂದ ಅಲೆ ತಾಗಿದಾಗ ಹಲಗೆ ಒಮ್ಮೆ ಎತ್ತಿಕೊಳ್ಳುತ್ತದೆ, ಆಮೇಲೆ ಜಾರತೊಡಗುತ್ತದೆ. ನಾವೆಲ್ಲ ತಪ್ಪುವುದು ಇಲ್ಲಿ. ಎತ್ತಿಕೊಂಡ ಕೂಡಲೇ ಏಳಹೋಗುತ್ತೇವೆ. ಅದು ಬೇಗವಾಯಿತು. ಜಾರುವಿಕೆ ಸ್ಥಿರವಾಗಲಿ, ಇನ್ನೂ ಎರಡು ಸಲ ನೀರೆಳೆಯಿರಿ, ಆಗ ಏಳಿ. ಹಲಗೆಯ ಅಂಚು ಹಿಡಿದು ಏಳಬೇಡಿ, ಹಲಗೆ ಓರೆಯಾಗುತ್ತದೆ. ಅಂಗೈ ಮೇಲ್ಮೈಯ ಮೇಲೇ ಇರಲಿ.

ಕಣ್ಣು ದಡದ ಮೇಲೆ. ಪಾದ ನೋಡಿದರೆ ಬಿದ್ದಿರಿ ಎಂದೇ ಲೆಕ್ಕ. ನನಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ನಾದಿನಿ ದಡದಲ್ಲಿ ನಿಂತು ‘ವೈನಿ, ನನ್ನ ಮಾರಿ ನೋಡ್ರಿ!’ ಎಂದು ಕೂಗಿದಳು. ನೋಡಿದೆ, ನಾಲ್ಕು ಸೆಕೆಂಡು ನಿಂತೆ.

ಬೀಳುವಾಗ ಪಕ್ಕಕ್ಕೆ ಅಥವಾ ಹಿಂದಕ್ಕೆ, ಮೈ ಚಪ್ಪಟೆಯಾಗಿ ಬೀಳಿ. ತಲೆ ಮುಂದಾಗಿ ಹಾರಬೇಡಿ, ಕಾಲು ಸೆಟೆದು ನೆಟ್ಟಗೆ ಜಿಗಿಯಲೂಬೇಡಿ, ಅಡಿಯಲ್ಲಿ ನೀರು ಕಡಿಮೆ. ಮೇಲೆ ಬರುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡೇ ಬನ್ನಿ, ಹಲಗೆ ಎಲ್ಲಿದೆಯೋ ಗೊತ್ತಿರುವುದಿಲ್ಲ. ಲೀಶನ್ನು ಕೈಬೆರಳಿಗೆ ಸುತ್ತಿಕೊಂಡು ಎಳೆಯುವುದು ಎಲ್ಲ ಹೊಸಬರೂ ಮಾಡುವ ತಪ್ಪು. ಮುಂದಿನ ಅಲೆ ಹಲಗೆಯನ್ನು ಎಳೆದಾಗ ಬೆರಳು ಮುರಿಯುತ್ತದೆ.

ಒಂದು ಅಲೆಗೆ ಒಬ್ಬರು ಎನ್ನುವುದು ಅಲ್ಲಿಯ ನೀತಿ. ಅಲೆ ಒಡೆಯುವ ತುದಿಗೆ ಹತ್ತಿರ ಇರುವವರಿಗೆ ಮೊದಲ ಹಕ್ಕು. ಅಡ್ಡ ಹೋದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಸೆಳವು ಕಂಡರೆ

ಬೇರೆಯದರಲ್ಲಿ ತಮಾಷೆ ಮಾಡಬಹುದು, ಇದರಲ್ಲಿ ಬೇಡ. ಅಲೆಗಳು ದಡಕ್ಕೆ ತಂದ ನೀರು ಎಲ್ಲೋ ಒಂದು ಕಡೆಯಿಂದ ವಾಪಸು ಹೋಗಲೇಬೇಕು. ಹಾಗೆ ಹೋಗುವ ದಾರಿಯೇ ರಿಪ್ ಕರೆಂಟ್, ನಮ್ಮ ಮಾತಿನಲ್ಲಿ ಸೆಳವು. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಲಕಿದಂತೆ ಕಂಡರೆ ಅದೇ ಅದು. ಅಲೆಯಿಲ್ಲದ ಜಾಗ ಸುರಕ್ಷಿತ ಎಂದು ಬಯಲುಸೀಮೆಯ ನಾವು ಅಲ್ಲಿಗೇ ಹೋಗಿ ನಿಲ್ಲುತ್ತೇವೆ. ಸಿಕ್ಕಿಕೊಂಡರೆ ದಡದ ಕಡೆ ಜಗ್ಗಾಡಬೇಡಿ. ಹಲಗೆ ಬಿಡಬೇಡಿ, ಅದು ತೇಲುತ್ತದೆ. ಒಂದು ಕೈ ಎತ್ತಿ ಬೀಸಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಿ, ಅಲೆ ಒಡೆಯುವ ಜಾಗ ಸಿಕ್ಕ ಮೇಲೆ ಅದರೊಂದಿಗೆ ದಡಕ್ಕೆ ಬನ್ನಿ.

ಪಾಠ ಮುಗಿದ ಮೇಲೆ

ಸಿಹಿನೀರಿನಲ್ಲಿ ಮೀಯಿರಿ, ತಂಬಿಲಿ ಎನ್ನುವ ಹಳದಿ ಎಳನೀರು ಎರಡು ಕುಡಿಯಿರಿ. ನೋವು ಸಂಜೆಗೆ ಗೊತ್ತಾಗುತ್ತದೆ, ಕಾಲಲ್ಲಲ್ಲ, ಭುಜದಲ್ಲಿ, ಪಕ್ಕೆಲುಬಿನಲ್ಲಿ. ಆ ರಾತ್ರಿ ಹೆರಳು ಹಾಕಿಕೊಳ್ಳಲು ನನ್ನ ಕೈ ತಲೆಯವರೆಗೆ ಏಳಲಿಲ್ಲ. ಗಿಡ್ಡಗೂದಲಿನ ನಾದಿನಿ, ಹೆರಳು ಹೆಣೆಯುವುದನ್ನೇ ಮರೆತಿದ್ದವಳು, ಮೂರು ಸಲ ಬಿಚ್ಚಿ ಕಟ್ಟಿದಳು.

ಅದಕ್ಕೇ, ಪಾಠಗಳನ್ನು ಬೆನ್ನಿಗೆ ಬೆನ್ನು ಇಟ್ಟುಕೊಳ್ಳಬೇಡಿ. ಎರಡು ಪಾಠ ಆದ ಮೇಲೆ ಒಂದು ದಿನ ಬಿಡುವಿರಲಿ. ಆ ದಿನ ದಡದಲ್ಲಿ ಕೂತು ಅಲೆ ಎಣಿಸಿ. ಅವು ಗುಂಪುಗುಂಪಾಗಿ ಬರುತ್ತವೆ, ನಡುವೆ ಕೆಲವು ನಿಮಿಷ ನೀರು ಸುಮ್ಮನಿರುತ್ತದೆ. ಒಳಗೆ ಹೋಗಬೇಕಾದ್ದು ಆ ಬಿಡುವಿನಲ್ಲಿ. ಏಳನೆಯ ಅಲೆ ಯಾವಾಗಲೂ ದೊಡ್ಡದು ಎಂದು ಪಕ್ಕದಲ್ಲಿ ಕೂತ ಯಾರೋ ಹೇಳಿದರು. ನಾನು ಒಂದು ಗಂಟೆ ಎಣಿಸಿದೆ. ಒಮ್ಮೆ ಮೂರನೆಯದು ದೊಡ್ಡದಿತ್ತು, ಒಮ್ಮೆ ಐದನೆಯದು. ಏಳರವರೆಗೆ ಹೋದ ಗುಂಪು ಎರಡೇ.