ಹಾಸಿಗೆ ತಯಾರಿಕೆಗೆ ಹೊಲಿಗೆ ಯಂತ್ರ: ಆರಿಸುವುದು ಹೇಗೆ?

ಹಾಸಿಗೆ ತಯಾರಿಸುವ ಸಣ್ಣ ಘಟಕ ಆರಂಭಿಸಲು ಹೊರಟವರು ಯಂತ್ರದ ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ವೇಗವನ್ನು. ನಿಮಿಷಕ್ಕೆ ಎಷ್ಟು ಹೊಲಿಗೆ ಬೀಳುತ್ತದೆ ಎಂಬ ಅಂಕಿ ಉಡುಪು ಹೊಲಿಯುವವರಿಗೆ ಮುಖ್ಯವಾದರೂ ಹಾಸಿಗೆಯ ಕೆಲಸದಲ್ಲಿ ಅದರ ತೂಕ ಕಡಿಮೆ. 78 ಇಂಚು ಉದ್ದ, 72 ಇಂಚು ಅಗಲದ ಡಬಲ್ ಹಾಸಿಗೆಯ ಸುತ್ತಳತೆ 25 ಅಡಿ; ಮೇಲಿನ ಅಂಚು ಮತ್ತು ಕೆಳಗಿನ ಅಂಚು ಸೇರಿ ಹೊಲಿಯಬೇಕಾದದ್ದು 50 ಅಡಿ, ಅಂದರೆ ಸುಮಾರು 15 ಮೀಟರ್. ಒಂದು ಹೊಲಿಗೆ 5 ಮಿಲಿಮೀಟರ್ ಇದ್ದರೆ ಒಟ್ಟು ಮೂರು ಸಾವಿರ ಹೊಲಿಗೆಗಳಾಗುತ್ತವೆ. ನಿಮಿಷಕ್ಕೆ 2,000 ಹೊಲಿಗೆ ಹಾಕುವ ಯಂತ್ರಕ್ಕೆ ಇದು ಒಂದೂವರೆ ನಿಮಿಷದ ಕೆಲಸ. ಉಳಿದ ಸಮಯವೆಲ್ಲ ಹಾಸಿಗೆಯನ್ನು ಎತ್ತಿ ಇಡುವುದಕ್ಕೆ, ಎಂಟು ಮೂಲೆಗಳನ್ನು ತಿರುಗಿಸುವುದಕ್ಕೆ ಮತ್ತು ಮಗುಚುವುದಕ್ಕೆ ಹೋಗುತ್ತದೆ. ಆದ್ದರಿಂದ ಭಾರವಾದ ಹಾಸಿಗೆಯನ್ನು ಕಡಿಮೆ ಶ್ರಮದಲ್ಲಿ ನಿಭಾಯಿಸಲು ನೆರವಾಗುವ ಯಂತ್ರವನ್ನೇ ಹುಡುಕಬೇಕು.

ಮೊದಲು ಉತ್ಪನ್ನವನ್ನು ನಿರ್ಧರಿಸಿ

ಯಂತ್ರ ನೋಡಲು ಹೋಗುವ ಮುನ್ನ ಯಾವ ಹಾಸಿಗೆ, ಎಷ್ಟು ದಪ್ಪ, ದಿನಕ್ಕೆ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ತಿಪಟೂರು, ಅರಸೀಕೆರೆಯಂತಹ ತೆಂಗಿನ ಸೀಮೆಯಲ್ಲಿ ನಾರಿನ ಹಾಸಿಗೆಯಿಂದ ಆರಂಭಿಸುವ ಆಲೋಚನೆ ಸಹಜ. ಪಟ್ಟಣಗಳಲ್ಲಿ ಫೋಮ್ ಹಾಸಿಗೆಗೆ ಜಿಪ್ ಇರುವ ಕವರ್ ಹಾಕಿ ಮಾರುವುದು ಸುಲಭ. ಈ ಎರಡಕ್ಕೂ ಬೇಕಾದ ಯಂತ್ರಗಳು ಬೇರೆ ಬೇರೆ.

ಜಿಪ್ ಕವರ್ ಮಾತ್ರ ಹೊಲಿಯುವುದಾದರೆ ಬಟ್ಟೆಯ ಅಂಚು ಎಳೆ ಬಿಡದಂತೆ ಹೊಲಿಯುವ ಒಂದು ಓವರ್‌ಲಾಕ್ ಯಂತ್ರ ಮತ್ತು ಒಂದು ವಾಕಿಂಗ್ ಫುಟ್ ಯಂತ್ರ ಸಾಕು. ಉಡುಪು ಹೊಲಿಯುವ ಸಾಮಾನ್ಯ ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ಎಳೆಯುವುದು ಕೆಳಗಿನ ಹಲ್ಲುಗಳು ಮಾತ್ರ. ಬಟ್ಟೆ, ಫೋಮ್, ಅಡಿಯ ನಾನ್‌ವೋವನ್ (ನೇಯದ ಬಟ್ಟೆಯ) ಹಾಳೆ ಒಂದರ ಮೇಲೊಂದು ಬಂದಾಗ ಕೆಳಪದರ ಮುಂದೆ ಸರಿದು ಮೇಲ್ಪದರ ಹಿಂದುಳಿಯುತ್ತದೆ. ಆರು ಅಡಿ ಹೊಲಿದು ಮುಗಿಸುವಷ್ಟರಲ್ಲಿ ಎರಡು ಪದರಗಳ ಅಂಚು ಒಂದಕ್ಕೊಂದು ತಾಳೆಯಾಗುವುದಿಲ್ಲ. ವಾಕಿಂಗ್ ಫುಟ್ ಯಂತ್ರದಲ್ಲಿ ಸೂಜಿ, ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಫುಟ್ ಮತ್ತು ಹಲ್ಲು ಮೂರೂ ಒಟ್ಟಿಗೆ ಚಲಿಸುವುದರಿಂದ ಪದರಗಳು ಜಾರುವುದಿಲ್ಲ. ಕೊಳ್ಳುವಾಗ ಫುಟ್ ಎಷ್ಟು ಎತ್ತರಕ್ಕೆ ಏಳುತ್ತದೆ, ಹೊಲಿಗೆಯ ಉದ್ದವನ್ನು ಎಷ್ಟರವರೆಗೆ ಹೆಚ್ಚಿಸಬಹುದು, 18ರಿಂದ 22ನೇ ನಂಬರಿನ ಸೂಜಿ ಹಿಡಿಸುತ್ತದೆಯೇ ಎಂಬ ಮೂರನ್ನು ವಿಚಾರಿಸಿ.

ಅಂಚು ಮುಚ್ಚುವ ಟೇಪ್ ಎಡ್ಜ್

ಹಾಸಿಗೆಯ ಮೇಲಿನ ಹೊದಿಕೆಯನ್ನೂ ಪಕ್ಕದ ಬಾರ್ಡರನ್ನೂ ಪಟ್ಟಿಯಿಂದ ಕೂಡಿಸಿ ಹೊಲಿಯುವುದು ಟೇಪ್ ಎಡ್ಜ್ ಯಂತ್ರ. ಒಳಗೆ ನಾರು ಅಥವಾ ಫೋಮ್ ತುಂಬಿದ ಮೇಲೆಯೇ ಈ ಹೊಲಿಗೆ ಬೀಳುವುದರಿಂದ ಹೊಸಬರು ಹೆಚ್ಚು ಸಮಯ ಕೊಟ್ಟು ನೋಡಬೇಕಾದ ಯಂತ್ರ ಇದೇ. ಕೆಲವು ಮಾದರಿಗಳಲ್ಲಿ ಹಾಸಿಗೆ ಮೇಜಿನ ಮೇಲೆಯೇ ಇದ್ದು, ಯಂತ್ರದ ತಲೆ ಹಳಿಯ ಮೇಲೆ ಅದರ ಸುತ್ತ ಚಲಿಸುತ್ತದೆ. ಇನ್ನು ಕೆಲವದರಲ್ಲಿ ಯಂತ್ರ ನಿಂತಲ್ಲೇ ಇದ್ದು ಹಾಸಿಗೆಯನ್ನು ತಿರುಗಿಸಬೇಕು. ಆರು ಇಂಚಿನ ನಾರಿನ ಡಬಲ್ ಹಾಸಿಗೆಯನ್ನು ದಿನವಿಡೀ ತಿರುಗಿಸುವುದು ಒಬ್ಬರ ಮೈಗೆ ಆಗುವ ಕೆಲಸವಲ್ಲ. ಬೆಲೆ ಹೆಚ್ಚಾದರೂ ತಲೆ ಚಲಿಸುವ ಮಾದರಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ಉಳಿಯುವುದು ಕೆಲಸಗಾರರ ಬೆನ್ನು.

ಯಂತ್ರದ ಗುಣ ತಿಳಿಯುವುದು ಮೂಲೆಯಲ್ಲಿ. ನೇರ ಅಂಚಿನಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಹೊಲಿಯುತ್ತವೆ. ಮೂಲೆ ಬಂದಾಗ ಪಟ್ಟಿಯ ಹೊರ ಅಂಚಿಗೆ ಒಳ ಅಂಚಿಗಿಂತ ಹೆಚ್ಚು ಉದ್ದ ಬೇಕಾಗುತ್ತದೆ, ಬಟ್ಟೆ ಮಡಿಕೆಯಾಗಿ ಪದರಗಳ ದಪ್ಪ ಒಮ್ಮೆಲೇ ಹೆಚ್ಚುತ್ತದೆ, ಕೆಲಸಗಾರ ಒಂದು ಕೈಯಲ್ಲಿ ಬಟ್ಟೆಯನ್ನು ಒಳಗೆ ಒತ್ತಿ ಇನ್ನೊಂದು ಕೈಯಲ್ಲಿ ತಲೆಯನ್ನು ತಿರುಗಿಸುತ್ತಾನೆ. ಆ ಕ್ಷಣದಲ್ಲಿ ವೇಗ ತಾನಾಗಿ ತಗ್ಗಬೇಕು ಅಥವಾ ಕಾಲಿನ ಒತ್ತಡಕ್ಕೆ ತಕ್ಕಂತೆ ನಿಧಾನವಾಗಬೇಕು. ಹಾಗಾಗದಿದ್ದರೆ ಹೊಲಿಗೆ ತಪ್ಪುತ್ತದೆ, ಪಟ್ಟಿಯ ಒಂದು ಬದಿ ಬಟ್ಟೆಯನ್ನು ಹಿಡಿಯದೆ ಬಾಯಿ ಬಿಡುತ್ತದೆ. ಹಾಸಿಗೆ ಮೊದಲು ಬಿಚ್ಚಿಕೊಳ್ಳುವುದು ಇಂಥ ಕಡೆಯೇ.

ಮೇಲಿನ ಮತ್ತು ಕೆಳಗಿನ ದಾರಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಲಾಕ್‌ಸ್ಟಿಚ್, ದಾರದ ಕುಣಿಕೆಗಳು ಸರಪಳಿಯಂತೆ ಹೆಣೆದುಕೊಳ್ಳುವ ಚೈನ್‌ಸ್ಟಿಚ್ ಎರಡೂ ಬಗೆಯ ಟೇಪ್ ಎಡ್ಜ್ ಯಂತ್ರಗಳು ದೊರೆಯುತ್ತವೆ. ಲಾಕ್‌ಸ್ಟಿಚ್‌ನಲ್ಲಿ ದಾರ ಒಂದೆಡೆ ತುಂಡಾದರೂ ಸಾಲು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ, ಆದರೆ ದಪ್ಪ ದಾರದಿಂದ ಕೆಳದಾರ ಸುತ್ತಿದ ಬಾಬಿನ್ ಬೇಗ ಖಾಲಿಯಾಗಿ ಕೆಲಸ ನಡುವೆಯೇ ನಿಲ್ಲುತ್ತದೆ. ಚೈನ್‌ಸ್ಟಿಚ್‌ಗೆ ಬಾಬಿನ್ನೇ ಇಲ್ಲ, ಕೋನ್‌ನಿಂದ ನೇರವಾಗಿ ದಾರ ಬರುತ್ತದೆ, ಹೊಲಿಗೆಯೂ ಸ್ವಲ್ಪ ಹಿಗ್ಗುತ್ತದೆ. ಕೊನೆಯ ತುದಿಯನ್ನು ಮಾತ್ರ ಸರಿಯಾಗಿ ಭದ್ರಪಡಿಸಬೇಕು. ಲಾಕ್‌ಸ್ಟಿಚ್ ಆರಿಸುವುದಾದರೆ ದೊಡ್ಡ ಬಾಬಿನ್ ಇರುವುದನ್ನೇ ಕೇಳಿ.

ಹೊದಿಕೆ ಬಟ್ಟೆಗೆ ತೆಳು ಮೆತ್ತನೆಯ ಪದರ ಸೇರಿಸಿ ಹೊಲಿಯುವ ಕ್ವಿಲ್ಟಿಂಗ್ ಯಂತ್ರವನ್ನು ಆರಂಭದಲ್ಲೇ ಕೊಳ್ಳಬೇಡಿ. ಕ್ವಿಲ್ಟ್ ಮಾಡಿದ ಬಟ್ಟೆಯ ರೋಲ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಬಹುಸೂಜಿಯ ಈ ಯಂತ್ರಕ್ಕೆ ಹಾಕಿದ ಬಂಡವಾಳ ಹಿಂದಿರುಗಬೇಕಾದರೆ ಅದಕ್ಕೆ ದಿನವೂ ಕೆಲಸವಿರಬೇಕು.

ನಿಮ್ಮದೇ ಸಾಮಗ್ರಿಯಿಂದ ಪರೀಕ್ಷಿಸಿ

ಅಂಗಡಿಯವರು ತೋರಿಸುವ ತುಂಡು ಬಟ್ಟೆಯ ಮೇಲಿನ ಹೊಲಿಗೆಯಿಂದ ಏನೂ ತಿಳಿಯುವುದಿಲ್ಲ. ನೀವು ಬಳಸಲಿರುವ ಕ್ವಿಲ್ಟ್ ಬಟ್ಟೆ, ಬಾರ್ಡರ್, ಪಟ್ಟಿ, ದಾರವನ್ನೇ ಒಯ್ದು, ಸಾಧ್ಯವಾದರೆ ಪೂರ್ತಿ ಹಾಸಿಗೆಯೊಂದನ್ನು ಹೊಲಿಸಿ ನೋಡಿ. ಹೊಲಿದ ಅಂಚನ್ನು ಎರಡೂ ಕೈಯಿಂದ ಜಗ್ಗಿ. ಪಟ್ಟಿಯ ಹಿಂಬದಿಯನ್ನು ತಿರುಗಿಸಿ ದಾರದ ಕುಣಿಕೆಗಳು ಸಡಿಲವಾಗಿವೆಯೇ ಎಂದು ಗಮನಿಸಿ. ಹತ್ತು ನಿಮಿಷ ಎಡೆಬಿಡದೆ ಓಡಿಸಿ ನಿಲ್ಲಿಸಿದ ಕೂಡಲೇ ಸೂಜಿಗೆ ಫೋಮ್ ಕರಗಿ ಅಂಟಿಕೊಂಡಿದ್ದರೆ ಸೂಜಿ ಅತಿಯಾಗಿ ಬಿಸಿಯಾಗುತ್ತಿದೆ ಎಂದರ್ಥ; ವೇಗ ಇಳಿಸಿ ಅಥವಾ ಸೂಜಿ ಬದಲಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.

ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಸೂಜಿ ಹಿಡಿದಿರುವ ದಂಡವನ್ನು ಅಲುಗಾಡಿಸಿ ನೋಡಿ, ಸೂಜಿಯ ದಾರವನ್ನು ಹಿಡಿಯುವ ಹುಕ್ಕಿನ ತುದಿ ಸವೆದಿದೆಯೇ ಎಂದು ಉಗುರು ತಾಗಿಸಿ ಪರೀಕ್ಷಿಸಿ, ತಲೆ ಚಲಿಸುವ ಹಳಿಯಲ್ಲಿ ಎಲ್ಲಿಯೂ ತಡೆ ಇರಬಾರದು.

ಮೋಟಾರು, ಜಾಗ, ಕಾಗದಪತ್ರ

ಹಳೆಯ ಕ್ಲಚ್ ಮೋಟಾರು ಹೊಲಿಯದೆ ಸುಮ್ಮನಿದ್ದಾಗಲೂ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರು ಕಾಲು ಒತ್ತಿದಾಗ ಮಾತ್ರ ತಿರುಗುವುದರಿಂದ ವಿದ್ಯುತ್ ಉಳಿಯುತ್ತದೆ. ಮೂಲೆಗಳಲ್ಲಿ ಒಂದೊಂದೇ ಹೊಲಿಗೆ ಹಾಕುವಷ್ಟು ನಿಧಾನವನ್ನೂ ಅದು ಕೊಡುತ್ತದೆ. ಯಂತ್ರಕ್ಕೆ ಸಿಂಗಲ್ ಫೇಸ್ ಸಾಕೋ, ತ್ರೀ ಫೇಸ್ ಸಂಪರ್ಕ ಬೇಕೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಿರಿ.

ಬ್ಯಾಂಕ್ ಸಾಲ ಪಡೆಯುವವರು ಬರವಣಿಗೆಯ ಕೊಟೇಶನ್ ತೆಗೆದುಕೊಳ್ಳಲೇಬೇಕು. ಉತ್ಪಾದನಾ ಘಟಕಗಳಿಗೆ ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ (ಪಿಎಂಇಜಿಪಿ) 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದ್ದು, ವರ್ಗ ಮತ್ತು ಸ್ಥಳವನ್ನು ಆಧರಿಸಿ ಶೇ 15ರಿಂದ 35ರಷ್ಟು ಸಹಾಯಧನ ದೊರೆಯುತ್ತದೆ. ಕೊಟೇಶನ್‌ನಲ್ಲಿ ಬೆಲೆಯ ಜೊತೆಗೆ ಸಾಗಣೆ, ಜೋಡಣೆ, ಕೆಲಸಗಾರರಿಗೆ ತರಬೇತಿ, ಮೆಕ್ಯಾನಿಕ್ ಎಷ್ಟು ದಿನದೊಳಗೆ ಬರುತ್ತಾರೆ ಎಂಬುದೂ ನಮೂದಾಗಿರಲಿ. ಸೂಜಿ, ಹುಕ್, ಚೈನ್‌ಸ್ಟಿಚ್‌ನ ಕುಣಿಕೆ ಹಾಕುವ ಲೂಪರ್‌ನಂಥ ಬೇಗ ಸವೆಯುವ ಭಾಗಗಳ ಒಂದು ಹೆಚ್ಚುವರಿ ಜೊತೆಯನ್ನು ಯಂತ್ರದೊಂದಿಗೇ ತರಿಸಿಕೊಳ್ಳಿ.

ಜಾಗವನ್ನು ಅಳೆಯುವಾಗ ಮೇಜಿನ ಅಳತೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಡಿ. ಆರೂವರೆ ಅಡಿ ಉದ್ದ, ಆರು ಅಡಿ ಅಗಲದ ಹಾಸಿಗೆಯ ನಾಲ್ಕೂ ಬದಿಗೆ ಮೂರು ಮೂರು ಅಡಿ ಬಿಟ್ಟರೆ ಹನ್ನೆರಡೂವರೆಗೆ ಹನ್ನೆರಡು ಅಡಿ ಬೇಕಾಗುತ್ತದೆ; ಹೊಲಿದ ಹಾಸಿಗೆಯನ್ನು ಇಳಿಸಿ ಒರಗಿಸಿಡುವ ಗೋಡೆ ಮತ್ತು ಅದನ್ನು ಹೊರಗೆ ಸಾಗಿಸುವಷ್ಟು ಅಗಲದ ಬಾಗಿಲು ಇದರ ಜೊತೆಗೆ ಬೇಕು.