ಕಡಲಾಮೆನ ಲ್ಯಾಂಪ್ರೆ ಜೊತೆ ಹೋಲಿಸಿ ಬರೆಯೋದು ಹೇಗೆ

ಬಿಎಸ್ಸಿ ಜುವಾಲಜಿಯವ್ರಿಗೆ ಈ ಥರ ಅಸೈನ್‌ಮೆಂಟ್ ಬಂದ್ರೆ ದಯವಿಟ್ಟು ತಕ್ಷಣ ಎರಡು ಕಾಲಂ ಎಳೆದು ಇದಕ್ಕೆ ಚಿಪ್ಪಿದೆ ಅದಕ್ಕಿಲ್ಲ ಅಂತ ಶುರು ಮಾಡ್ಬೇಡಿ.

ಮೊದ್ಲು ಜಾತಿ ಫಿಕ್ಸ್ ಮಾಡ್ಕೊಳ್ಳಿ. ಕಡಲಾಮೆಲೇ 7 ಜಾತಿ ಇವೆ, ನಾನಾದ್ರೆ ಆಲಿವ್ ರಿಡ್ಲೆ ತಗೋತೀನಿ, ನಮ್ಮ ಹೊನ್ನಾವರದ ಕಾಸರಕೋಡು ತೀರಕ್ಕೂ ಮೊಟ್ಟೆ ಇಡೋಕೆ ಬರುತ್ತಲ್ಲ. ಲ್ಯಾಂಪ್ರೆ ಅಂದ್ರೆ ಹಾವಿನ ಥರ ಉದ್ದಕ್ಕಿರೋ, ದವಡೆ ಇಲ್ಲದ ಮೀನು, ನಮ್ಮ ಹೊಳೆಗಳಲ್ಲಿಲ್ಲ, ಯುರೋಪಿನ ತಣ್ಣನೆ ತೊರೆಗಳ ಬ್ರೂಕ್ ಲ್ಯಾಂಪ್ರೆ ಒಳ್ಳೇದು, ಒಂದು ಗೇಣೂ ಇರಲ್ಲ. ಲ್ಯಾಂಪ್ರೆ ಅಂದ್ರೆ ರಕ್ತ ಹೀರೋದು ಅಂತ ಎಲ್ರೂ ಬರೀತಾರೆ, ಇದು ಹೀರಲ್ಲ, ಮರಿಯಾಗಿದ್ದಾಗ ವರ್ಷಗಟ್ಟಲೆ ಕೆಸರಲ್ಲಿ ಹುದುಗಿ ನೀರು ಸೋಸಿ ತಿನ್ನುತ್ತೆ, ದೊಡ್ಡದಾದ್ಮೇಲೆ ಊಟನೇ ಇಲ್ಲ, ಮೊಟ್ಟೆ ಇಟ್ಟು ಸತ್ತೋಗುತ್ತೆ.

ಆಮೇಲೆ ಹೋಲಿಕೆ ಬರೀರಿ. ಎರಡಕ್ಕೂ ತಲೆಬುರುಡೆ ಇದೆ, ಭ್ರೂಣದಲ್ಲಿ ನೋಟೋಕಾರ್ಡ್ (ಬೆನ್ನುದ್ದಕ್ಕೂ ಇರೋ ಬಾಗುವ ಸರಳು) ಇದೆ, ಲ್ಯಾಂಪ್ರೆಗೆ ಅದು ಸಾಯೋತನಕ ಉಳಿಯುತ್ತೆ. ಇಲ್ಲೊಂದು ಕಡೆ ಜೋಪಾನ: ಲ್ಯಾಂಪ್ರೆ ಹಲ್ಲೂ ಆಮೆ ಕೊಕ್ಕಿನ ಹೊದಿಕೆನೂ ನಮ್ಮ ಉಗುರಿನ ಥರ ಕೆರಾಟಿನ್ನೇ, ಆದ್ರೆ ಅದು ಒಂದೇ ಪೂರ್ವಜರಿಂದ ಬಂದಿದ್ದಲ್ಲ, ಬೇರೆ ಬೇರೆಯಾಗಿ ಬಂದಿದ್ದು, ಹೋಲಿಕೆ ಲಿಸ್ಟಿಗೆ ಸೇರಿಸ್ಬೇಡಿ.

ವ್ಯತ್ಯಾಸನ ವಿಕಾಸದ ಆರ್ಡರಲ್ಲೇ ಬರೀರಿ, ಮೊದ್ಲು ದವಡೆ, ಆಮೇಲೆ ಮೂಳೆಯ ಅಸ್ಥಿಪಂಜರ, ಶ್ವಾಸಕೋಶ, ಕಾಲು, ಕೊನೆಗೆ ಒಳಗೆ ಮರಿಯ ಸುತ್ತ ಪೊರೆ ಇರೋ ಮೊಟ್ಟೆ (ಆಮ್ನಿಯೋಟಿಕ್ ಮೊಟ್ಟೆ). ಲ್ಯಾಂಪ್ರೆಗೆ ಇದ್ಯಾವುದೂ ಇಲ್ಲ. ಲ್ಯಾಬಲ್ಲಿ ಜಾಡಿಯೊಳಗಿನ ಸ್ಪೆಸಿಮೆನ್ ಸಿಕ್ರೆ ಪಕ್ಕದಿಂದ ನೋಡಿ, ಕಣ್ಣಿನ ಹಿಂದೆ ಕೊಳಲಿನ ತೂತಿನ ಥರ ಸಾಲಾಗಿ 7 ಕಿವಿರು ರಂಧ್ರ, ಬಾಯಿ ದುಂಡಗೆ ಬಟ್ಟಲಿನ ಥರ. ಜರ್ಮನ್ನರು ಆ ಏಳಕ್ಕೆ ಕಣ್ಣು, ಮೂಗಿನ ತೂತು ಸೇರಿಸಿ ಒಂಬತ್ತು ಕಣ್ಣಿಂದು ಅಂತಲೇ ಕರೀತಾರೆ!

ಜಾಸ್ತಿ ಜಾಗ ಮೊಟ್ಟೆಗೆ ಕೊಡಿ, ನನಗಂತೂ ಅದೇ ಇಡೀ ಉತ್ತರದ ಜೀವ. ಲ್ಯಾಂಪ್ರೆ ಬಾಯಲ್ಲಿ ಕಲ್ಲು ಕಚ್ಚಿ ಎಳೆದು ತೊರೆ ತಳದಲ್ಲೇ ಗುಂಡಿ ಮಾಡುತ್ತೆ, ಮೊಟ್ಟೆ ಫಲಿಸೋದು ನೀರಲ್ಲೇ. ಆಮೆ ಮೊಟ್ಟೆ ಫಲಿಸೋದು ಹೊಟ್ಟೆಯೊಳಗೇ, ಆದ್ರೆ ಒಳಗಿನ ಮರಿಗೆ ಗಾಳಿ ಬೇಕು, ನೀರಲ್ಲಿಟ್ರೆ ಉಸಿರುಕಟ್ಟಿ ಸಾಯುತ್ತೆ, ಅದಕ್ಕೇ ಜೀವಮಾನವೆಲ್ಲ ಕಡಲಲ್ಲಿ ಕಳೆಯೋ ಆಮೆ ರಾತ್ರಿ ತೆವಳಿಕೊಂಡು ಮರಳಿಗೆ ಬಂದು ಹಿಂಗಾಲಲ್ಲಿ ಗುಂಡಿ ತೋಡಿ ನೂರರ ಹತ್ತಿರ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತೆ. ಆಗ ಅದರ ಕಣ್ಣಲ್ಲಿ ನೀರು ಸುರೀತಿರುತ್ತೆ, ಅಳು ಅಂತ ಬರೀಬೇಡಿ, ಮೈಯ ಉಪ್ಪು ಹೊರಹಾಕೋ ಗ್ರಂಥಿ ಅದು, ಡಯಾಗ್ರಾಮಲ್ಲಿ ಕಣ್ಣಿನ ಹತ್ರ ಅದನ್ನ ತಪ್ಪದೆ ಗುರುತಿಸಿ.